ಹರೀರಾದಲ್ಲಿ ಬೇಯದೆ ಉಳಿದ ಕಡಲೆ

ಮೊರಾಕೊದಲ್ಲಿ ರಂಜಾನ್ ಉಪವಾಸ ಬಿಡುವಾಗ ಕುಡಿಯುವ ಸೂಪ್ ಹರೀರಾ. ಮಾಂಸ ಹಾಕದೆ ಮಾಡಲು ಹೊರಟೆ. ರುಚಿ ಬಂತು, ಆದರೆ ಕಾಬೂಲಿ ಕಡಲೆ ಮಾತ್ರ ಗೋಲಿಯಂತೆ ಗಟ್ಟಿ! 2 ಗಂಟೆ ಕುದಿಸಿದರೂ ಜಪ್ಪಯ್ಯ ಅನ್ನಲಿಲ್ಲ. ತಪ್ಪು ಟೊಮೆಟೊದ್ದು. ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ನಾನೋ ಎಲ್ಲವನ್ನೂ ಒಟ್ಟಿಗೇ ಸುರಿದಿದ್ದೆ.

ಮುಂದಿನ ಸಲ ರಾತ್ರಿಯಿಡೀ ನೆನೆಸಿದ ಕಡಲೆಯನ್ನು ಕುಕ್ಕರ್‌ನಲ್ಲಿ ಬೇರೆಯಾಗಿ 5 ವಿಶಲ್ ಕೂಗಿಸಿದೆ. ಈರುಳ್ಳಿ, ಸೆಲೆರಿ, ಶುಂಠಿ, ಚಕ್ಕೆ, ಕಾಳುಮೆಣಸಿನ ಜೊತೆ ಇಡೀ ಮಸೂರ್ ಮುಕ್ಕಾಲು ಬೆಂದ ಮೇಲೆ ಟೊಮೆಟೊ, ಕಡಲೆ ಹಾಕಿದೆ. ಕೊನೆಗೆ 3 ಚಮಚ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಕದಡಿ, ಸಣ್ಣಗೆ ಸುರಿಯುತ್ತಾ ಕೈ ಬಿಡದೆ ತಿರುಗಿಸಿದೆ. ಸುಮ್ನೆ ಸುರಿದರೆ ಗಂಟು ಗ್ಯಾರಂಟಿ. ಮೇಲೆ ಕೊತ್ತಂಬರಿ ಸೊಪ್ಪು, ಪಕ್ಕದಲ್ಲಿ ಖರ್ಜೂರ. ಪಾತ್ರೆ ಖಾಲಿ!