ಬಿಸಿನೆಸ್ ಫಂಡಮೆಂಟಲ್ಸ್ ಪೇಪರನ್ನ ಕೊನೇ ಯೂನಿಟ್‌ನಿಂದ ಶುರು ಮಾಡಿದೆ: ನನ್ನ ಅನುಭವ

ರಿಸಲ್ಟ್ ಬಂದಿದೆ, ಹಾಗಾಗಿ ಈಗ ಬರೀಬಹುದು. ಫಸ್ಟ್ ಇಯರ್ ಬಿಸಿನೆಸ್ ಫಂಡಮೆಂಟಲ್ಸ್ ಪೇಪರ್ ಪಾಠ ಮಾಡೋರಿಗೆಲ್ಲ ಕ್ರಮ ಗೊತ್ತೇ ಇರುತ್ತೆ, ಮೊದಲು ಬಿಸಿನೆಸ್ ಅಂದ್ರೇನು, ಆಮೇಲೆ ಪಾರ್ಟ್ನರ್ಶಿಪ್ಪು ಕಂಪನಿ, ಮ್ಯಾನೇಜ್ಮೆಂಟು, ಎಚ್‌ಆರು, ಮಾರ್ಕೆಟಿಂಗು, ಆಪರೇಷನ್ಸು, ಕಟ್ಟಕಡೆಗೆ ಪೋರ್ಶನ್ ಓಡಿಸೋ ಟೈಮಲ್ಲಿ ಅಕೌಂಟಿಂಗು ಫೈನಾನ್ಸು. ನಾನು ಆ ಕಟ್ಟಕಡೇದನ್ನ ಮೊದಲನೇ ವಾರಕ್ಕೆ ತಂದೆ. ಅದೂ ಪುಸ್ತಕದ ಲೆಕ್ಕದಿಂದಲ್ಲ, ಕೈಯಲ್ಲಿ ನಿಜವಾದ ದುಡ್ಡು ಕೊಟ್ಟು, ದಿನಾ ಸಂಜೆ ಕ್ಯಾಶ್ ಎಣಿಸಿ ಬರೆಯೋದ್ರಿಂದ. ಡಿಪಾರ್ಟ್ಮೆಂಟಲ್ಲಿ ಯಾರೂ ಒಪ್ಪಿರಲಿಲ್ಲ. "ಅಕೌಂಟ್ಸ್ ಮೊದಲು ಕೊಟ್ರೆ ಅರ್ಧ ಕ್ಲಾಸು ಪೇಪರ್ ಬಿಟ್ಟು ಹೋಗುತ್ತೆ ಸಾರ್" ಅಂದ್ರು. ಹಾಗಾಗಲಿಲ್ಲ, ನಾನು ಈ ಪೇಪರ್ ತಗೊಂಡಾಗಿಂದ ಅತೀ ಕಡಿಮೆ ಮಂದಿ ಬಿಟ್ಟಿದ್ದು ಇದೇ ಬ್ಯಾಚಲ್ಲಿ.

ಇದಕ್ಕೆ ಮುಂಚೆ ಏನೇನು ಟ್ರೈ ಆಗಿತ್ತು ಅಂತ ಹೇಳ್ತೀನಿ, ಯಾಕಂದ್ರೆ ಈಗ್ಲೂ ಎಷ್ಟೋ ಜನ ಅಲ್ಲೇ ಸುತ್ತುತಾ ಇದಾರೆ.

ಮೊದಲು ಬಿಸಿನೆಸ್ ಪ್ಲಾನ್ ಬರೆಸೋದು. ಟೀಮಿಗೆ ಮೂವತ್ತು ನಲವತ್ತು ಪುಟ, ಕಲರ್ ಪ್ರಿಂಟು, ಸ್ವಾಟ್ ಟೇಬಲ್ಲು (ಬಲ, ದೌರ್ಬಲ್ಯ, ಅವಕಾಶ, ಅಪಾಯಗಳ ಪಟ್ಟಿ), ಐದನೇ ವರ್ಷದ ರೆವೆನ್ಯೂ ಗ್ರಾಫ್ ಯಾವಾಗ್ಲೂ ಮೇಲಕ್ಕೇ. ಯಾವ ಟೀಮಿನ ಗ್ರಾಫೂ ಕೆಳಗೆ ಹೋಗಿದ್ದು ನಾನು ನೋಡಿಲ್ಲ. "ಮೊದಲನೇ ಹತ್ತು ಗಿರಾಕಿ ಯಾರು, ಅವರು ದುಡ್ಡು ಯಾವತ್ತು ಕೊಡ್ತಾರೆ" ಅಂತ ಕೇಳಿದ್ರೆ ಉತ್ತರ ಇರಲ್ಲ. ಪ್ಲಾನ್ ಬರೆಯೋದ್ರಲ್ಲಿ ಮಕ್ಕಳು ಹುಷಾರಾದ್ರು, ಬಿಸಿನೆಸ್ಸಲ್ಲಿ ಅಲ್ಲ.

ಆಮೇಲೆ ಸಿಮ್ಯುಲೇಷನ್ ಸಾಫ್ಟ್‌ವೇರ್, ಅಂದ್ರೆ ಕಂಪ್ಯೂಟರಲ್ಲಿ ಕಾಲ್ಪನಿಕ ಕಂಪನಿ ನಡೆಸೋ ಆಟ. ಲೈಸೆನ್ಸಿಗೇ ವರ್ಷದ ಲ್ಯಾಬ್ ಬಜೆಟ್ಟಿನ ಹತ್ತತ್ರ ಮುಕ್ಕಾಲು ಭಾಗ ಹೋಯ್ತು, ಮೂರನೇ ರೌಂಡಿಗೆಲ್ಲ ಹುಡುಗರು ಅದರ ಲಾಜಿಕ್ ಕಂಡುಹಿಡಿದ್ರು, ಕೊನೇ ರೌಂಡಲ್ಲಿ ರಿಸರ್ಚು ಜಾಹೀರಾತು ಎಲ್ಲ ಸೊನ್ನೆ ಮಾಡಿ ರೇಟ್ ಇಳಿಸಿದ್ರೆ ಸ್ಕೋರ್ ಏರುತ್ತೆ ಅಂತ. ನಾಳೆ ಅನ್ನೋದೇ ಇಲ್ಲದ ಕಂಪನಿ ನಡೆಸೋಕೆ ಕಲಿತ್ರು ಅಷ್ಟೆ.

ಮೂರನೇದು ಸೀಡ್ ಮನಿ, ಅಂದ್ರೆ ಶುರುವಿನ ಬಂಡವಾಳ ಕೊಟ್ಟು ನಿಜವಾಗ್ಲೂ ಮಾರಿಸೋದು. ಇದು ನನ್ನ ಐಡಿಯಾ ಅಲ್ಲ, ಅಮೆರಿಕದ ಬ್ಯಾಬ್ಸನ್ ಕಾಲೇಜಲ್ಲಿ ಫಸ್ಟ್ ಇಯರ್ ಮಕ್ಕಳಿಗೆ ಕಾಲೇಜೇ ಸಾಲ ಕೊಟ್ಟು ಬಿಸಿನೆಸ್ ಮಾಡಿಸೋದು 1990ರ ದಶಕದಿಂದ ನಡೀತಿದೆ. ನಮ್ಮಲ್ಲಿ ಸಾಲ ಅಂದ್ರೆ ಆಫೀಸಲ್ಲಿ ರಗಳೆ ಅಂತ ಗ್ರ್ಯಾಂಟ್ ಅಂತ ಬರೆದು ಕೊಟ್ಟಿದ್ದಾಯ್ತು, ಸೋತಿದ್ದು ಅಲ್ಲೇ. ವಾಪಸ್ ಕೊಡೋ ಹಂಗಿಲ್ಲದ ದುಡ್ಡು ಲೋಗೋ ಡಿಸೈನಿಗೆ, ಸ್ಟ್ಯಾಂಡೀಗೆ, ಟೀಮಿನ ಟೀ ಶರ್ಟಿಗೆ ಹೋಯ್ತು. ಒಂದು ಟೀಮಂತೂ ಮಾರೋ ವಸ್ತು ಬರೋಕೆ ಮುಂಚೆಯೇ ದುಡ್ಡು ಖಾಲಿ ಮಾಡ್ಕೊಂಡಿತ್ತು. ಹಾಕಿದ ದುಡ್ಡಲ್ಲಿ ಅಂದಾಜು ಮೂರರಲ್ಲಿ ಒಂದು ಭಾಗ ಕೂಡ ಮಾರಾಟದಿಂದ ವಾಪಸ್ ಬರಲಿಲ್ಲ.

ಈ ಸಲ ಮೂರು ಬದಲಾವಣೆ. ದುಡ್ಡು ಸಾಲ, ಗ್ರ್ಯಾಂಟ್ ಅಲ್ಲ, ಐದನೇ ವಾರದಿಂದ ಕಂತು ಶುರು. ದಿನಾ ಸಂಜೆ ಕೈಬರಹದಲ್ಲಿ ಒಂದೇ ಹಾಳೆಯ ಕ್ಯಾಶ್ ಶೀಟು, ಎಕ್ಸೆಲ್ ಪೂರ್ತಿ ಬಂದ್. ಮತ್ತೆ ಥಿಯರಿ ಕೇಳಿದಾಗ ಮಾತ್ರ, ಅಂದ್ರೆ ಟೀಮಿಗೆ ಎಲ್ಲಿ ಸಿಕ್ಕಿಹಾಕ್ಕೊಳ್ಳುತ್ತೋ ಆ ವಾರದ ಲೆಕ್ಚರ್ ಅದರ ಮೇಲೆ. ಎಕ್ಸೆಲ್ ಯಾಕೆ ಬೇಡ ಅಂತ ಎಲ್ಲರೂ ಜಗಳ ಆಡಿದ್ರು. ಎಕ್ಸೆಲ್ಲಲ್ಲಿ ಫಾರ್ಮುಲಾ ಬೇರೆಯವರ ಫೈಲಿಂದ ಬರುತ್ತೆ, ಮೊತ್ತ ತಾನಾಗೇ ಕೂಡುತ್ತೆ, ಮಕ್ಕಳು ನಂಬರ್ ನೋಡೋದೇ ಇಲ್ಲ. ಕೈಯಲ್ಲಿ ಬರೆದು ಕೂಡಿಸಿ, ಡಬ್ಬಿಯಲ್ಲಿರೋ ದುಡ್ಡಿಗೆ ತಾಳೆ ಆಗಲಿಲ್ಲ ಅಂದ್ರೆ ಅವತ್ತು ಮನೆಗೆ ಹೋಗೋ ಹಾಗಿಲ್ಲ. ಮೊದಲೆರಡು ವಾರ ಯಾರದ್ದೂ ಒಂದೇ ಸಲಕ್ಕೆ ತಾಳೆ ಆಗಲಿಲ್ಲ ಅಂದ್ರೂ ಸರಿ, ನಾಲ್ಕನೇ ವಾರಕ್ಕೆ ಹತ್ತು ನಿಮಿಷದಲ್ಲಿ ಮುಗಿಸೋರು.

ಈ ವಿಧಾನ ಕಚ್ಚಿಕೊಂಡಿದ್ದು ಐದನೇ ವಾರ, ಟೀ ಶರ್ಟ್ ಮಾರೋ ಟೀಮಿಂದ. ಸಾಲದ ಮೊತ್ತ 100 ಅಂತ ಇಟ್ಕೊಳ್ಳಿ, ಲೆಕ್ಕ ಸುಲಭ ಆಗುತ್ತೆ, ನಿಜವಾದ ಅಂಕಿಗಳೂ ಹೆಚ್ಚುಕಮ್ಮಿ ಇದೇ ಪ್ರಮಾಣದಲ್ಲಿದ್ವು. 80ಕ್ಕೆ ಮಾಲು ತಂದ್ರು, 10 ಪೋಸ್ಟರಿಗೆ. ಮುಕ್ಕಾಲು ಮಾಲು ಹೋಯ್ತು, ಅಂದ್ರೆ 60ರ ಮಾಲು 96ಕ್ಕೆ. 96ರಿಂದ 60 ಕಳೆದು, ಪೋಸ್ಟರಿಂದು 10 ಕಳೆದ್ರೆ 26 ಲಾಭ. ಬೋರ್ಡ್ ಮೇಲೆ 26 ಅಂತ ದೊಡ್ಡದಾಗಿ ಬರೆದು ಸುತ್ತ ವೃತ್ತ ಹಾಕಿದ್ರು. ನಾನು ಕಂತು ಕೇಳಿದೆ, 20. ಡಬ್ಬಿ ತೆರೆದ್ರೆ 3 ಇತ್ತು.

ಕ್ಲಾಸ್ ಪೂರ್ತಿ ಗಪ್‌ಚುಪ್. ಒಬ್ಬಳು ಎದ್ದು ದುಡ್ಡು ಯಾರೋ ಕದ್ದಿದ್ದಾರೆ ಸಾರ್ ಅಂತಾನೇ ಹೇಳಿದಳು. ನಾನು ಏನೂ ಹೇಳಲಿಲ್ಲ, ಐದು ವಾರದ ಕ್ಯಾಶ್ ಶೀಟ್ ಎಲ್ಲ ಟೇಬಲ್ ಮೇಲೆ ಹರಡಿ ಹುಡುಕಿ ಅಂದೆ. ಸುಮಾರು ಮುಕ್ಕಾಲು ಗಂಟೆ ಹಿಡೀತು. 96ರಲ್ಲಿ ಅರ್ಧ ಸ್ನೇಹಿತರಿಗೆ ಸಾಲದಲ್ಲಿ ಕೊಟ್ಟಿದ್ರು, 48 ಬಾಕಿ. ಚೆನ್ನಾಗಿ ಹೋಗ್ತಿದೆ ಅಂತ ಎರಡನೇ ಲಾಟಿಗೆ 55 ಅಡ್ವಾನ್ಸ್ ಕೊಟ್ಟಿದ್ರು. ಮಾರದೇ ಉಳಿದ ಮಾಲು 20. ಕೈಯಲ್ಲಿ 3. ಒಬ್ಬ ಹುಡುಗ ಸುಮ್ನೆ ಕೂಡಿಸ್ತಾ ಹೋದ, 48, 55, 20, 3, ಒಟ್ಟು 126. ಇನ್ನೊಂದು ಕಡೆ ನಮ್ಮ ಸಾಲ 100, ಲಾಭ 26, ಅದೂ 126. ಬ್ಯಾಲೆನ್ಸ್ ಶೀಟ್ (ಒಂದು ಕಡೆ ನಮ್ಮ ಹತ್ರ ಏನಿದೆ, ಇನ್ನೊಂದು ಕಡೆ ಅದಕ್ಕೆ ದುಡ್ಡು ಎಲ್ಲಿಂದ ಬಂತು ಅನ್ನೋ ಪಟ್ಟಿ) ಅನ್ನೋ ಹೆಸರು ನಾನು ಅಲ್ಲೀವರೆಗೂ ಬಾಯಿಗೇ ತಂದಿರಲಿಲ್ಲ, ಅವರೇ ಕಟ್ಟಿದ್ರು. ಆಮೇಲೆ ಹೆಸರು ಕೊಟ್ಟೆ, ಇದರ ಹಿಂದಿರೋ, ವೆನಿಸ್ಸಿನ ವ್ಯಾಪಾರಿಗಳು ಬಳಸ್ತಿದ್ದ ಡಬಲ್ ಎಂಟ್ರಿ (ಪ್ರತಿ ವ್ಯವಹಾರನೂ ಎರಡು ಕಡೆ ಬರೆಯೋ) ಪದ್ಧತಿನ ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲೇ ಅಚ್ಚು ಹಾಕಿಸಿದ್ದ ಅಂತ ಹೇಳಿದೆ, ಐನೂರು ವರ್ಷ ಹಳೇದು ಅಂದಾಗ ಇವತ್ತು ಬೆಳಿಗ್ಗೆ ತಾವೇ ಕಂಡುಹಿಡಿದದ್ದು ಅನ್ನೋ ತರ ನೋಡಿದ್ರು. ಇಷ್ಟು ವರ್ಷದಲ್ಲಿ ನಾನು ಕೊಟ್ಟ ಅತ್ಯುತ್ತಮ ಕ್ಲಾಸ್ ಅದೇ, ಇದನ್ನ ಹೆಮ್ಮೆಯಿಂದಾನೇ ಹೇಳ್ತೀನಿ.

ಆ ಟೀಮ್ ಮುಂದೆ ಏನು ಮಾಡ್ತು ಅಂದ್ರೆ ಎರಡನೇ ಲಾಟಿಗೆ ಗಿರಾಕಿಯಿಂದ ಮೊದಲು ಅರ್ಧ ದುಡ್ಡು, ಆಮೇಲೆ ಆರ್ಡರ್ ಅಂತ ರೂಲ್ ಮಾಡ್ಕೊಂಡ್ತು. ಮಾರಾಟ ಸ್ವಲ್ಪ ಇಳೀತು, ಐದರಲ್ಲಿ ಒಂದು ಭಾಗದಷ್ಟು ಇರಬೇಕು, ಆದ್ರೆ ಕಂತು ಒಂದೂ ತಪ್ಪಲಿಲ್ಲ. ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯಾಪಾರ ನಡೆಸೋಕೆ ಬೇಕಾದ ದುಡ್ಡು) ಮೇಲೆ ನಾನು ಎರಡು ಗಂಟೆ ಮಾತಾಡಿದ್ರೂ ಇದು ಬರ್ತಿರಲಿಲ್ಲ.

ಬ್ರೇಕ್ ಈವನ್ನೂ (ಲಾಭನೂ ಇಲ್ಲ, ನಷ್ಟನೂ ಇಲ್ಲದ ಮಟ್ಟ) ಹೀಗೇ ಬಂತು, ಹೆಚ್ಚು ಹೇಳೋದಿಲ್ಲ. ಮಾರ್ಕೆಟಿಂಗಿನ ಫೋರ್ ಪೀಸ್ (ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್) ಮಾತ್ರ ನನಗೆ ಆಶ್ಚರ್ಯ ಆಯ್ತು. ಮಾರ್ಕೆಟಿಂಗ್ ಪ್ರೊಫೆಸರ್ ಮೆಕಾರ್ಥಿ 1960ರಲ್ಲಿ ಕೊಟ್ಟ ಆ ನಾಲ್ಕು ಡಬ್ಬಿನ ಮಕ್ಕಳು ಯಾವಾಗ್ಲೂ ಬಾಯಿಪಾಠ ಮಾಡಿ ತುಂಬಿಸೋರು. ಈ ಸಲ ಏಳನೇ ವಾರದಲ್ಲಿ ಕೊಟ್ಟೆ, ಅಷ್ಟೊತ್ತಿಗೆ ಎಲ್ಲ ಟೀಮೂ ಒಂದಲ್ಲ ಒಂದು ಸಲ ರೇಟ್ ತಪ್ಪಾಗಿ ಇಟ್ಟಿತ್ತು, ಜಾಗ ತಪ್ಪಾಗಿ ಆರಿಸಿತ್ತು. ನೋಟ್ಸ್ ಬರ್ಕೊಳ್ಳದೆ ತಮ್ಮ ತಮ್ಮ ತಪ್ಪು ಯಾವ ಡಬ್ಬಿಗೆ ಸೇರುತ್ತೆ ಅಂತ ಜಗಳಕ್ಕೆ ಬಿದ್ರು. ಮಾಲು ಹೋಗದಿದ್ದಕ್ಕೆ ರೇಟ್ ಕಾರಣಾನೋ ಮಾರಿದ ಜಾಗ ಕಾರಣಾನೋ ಅಂತ ಎರಡು ಟೀಮು ಬೆಲ್ ಆದಮೇಲೂ ವಾದ ಮಾಡ್ತಿದ್ವು.

ಮಧ್ಯದಲ್ಲಿ ಬೇರೆ ಪ್ರಯೋಗಗಳೂ ನಡೆದ್ವು, ಸಿಲಬಸ್ಸಿಗೆ ಸಂಬಂಧ ಇಲ್ಲ ಅಂದ್ರೂ ಪರವಾಗಿಲ್ಲ ಅಂತ ಮಾಡಿಸಿದೆ. ಆಡಂ ಸ್ಮಿತ್‌ನ 1776ರ ಗುಂಡುಸೂಜಿ ಉದಾಹರಣೆ ಎಲ್ಲರೂ ಹೇಳ್ತೀವಲ್ಲ, ಹತ್ತು ಜನ ಕೆಲಸ ಹಂಚ್ಕೊಂಡ್ರೆ ದಿನಕ್ಕೆ 48,000 ಸೂಜಿ ಅಂತ. ನಾವು ಹಳೇ ಪೇಪರಲ್ಲಿ ಕವರ್ ಮಡಿಸೋದು ಇಟ್ಕೊಂಡ್ವಿ. ಒಬ್ಬೊಬ್ಬರೇ ಪೂರ್ತಿ ಕವರ್ ಮಾಡೋ ಗುಂಪು ಒಂದು ಕಡೆ, ಲೈನ್ ಕಟ್ಟಿ ಒಬ್ಬ ಮಡಿಸಿ ಒಬ್ಬ ಅಂಟಿಸೋ ಗುಂಪು ಇನ್ನೊಂದು ಕಡೆ. ಮೊದಲ ರೌಂಡಲ್ಲಿ ಲೈನ್ ಗುಂಪೇ ಸೋತಿತು! ಅಂಟು ಹಚ್ಚೋನ ಮುಂದೆ ರಾಶಿ ಬಿದ್ದಿತ್ತು, ಅವನಾದ ಮೇಲಿನವರು ಕೈಕಟ್ಟಿ ಕೂತಿದ್ರು. ಅಂಟಿಗೆ ಇನ್ನೊಬ್ಬರನ್ನ ಹಾಕಿದ ತಕ್ಷಣ ಎರಡನೇ ರೌಂಡಲ್ಲಿ ಹತ್ತತ್ರ ಒಂದೂವರೆ ಪಟ್ಟು ಕವರ್ ಬಂತು. ಬಾಟಲ್‌ನೆಕ್ ಅಂತ ನಾನು ಹೇಳೋಕೆ ಮುಂಚೆ "ಅಂಟಲ್ಲಿ ಸಿಕ್ಕಾಕೊಂಡಿದೆ" ಅನ್ನೋದು ಕ್ಲಾಸಿನ ಮಾತಾಗಿಬಿಟ್ಟಿತ್ತು, ಈಗ್ಲೂ ಎಲ್ಲಿ ಕೆಲಸ ನಿಂತ್ರೂ ಅದನ್ನೇ ಹೇಳ್ತಾರೆ.

ಎಂಐಟಿಯ ಬಿಯರ್ ಗೇಮನ್ನೂ ಆಡಿಸಿದೆ, ಬರೀ ಚೀಟಿ ಇಟ್ಕೊಂಡು. ಅಂಗಡಿ, ಸಗಟು ವ್ಯಾಪಾರಿ, ವಿತರಕ, ಫ್ಯಾಕ್ಟರಿ ಅಂತ ಸಾಲಾಗಿ ಒಬ್ಬರು ಇನ್ನೊಬ್ಬರಿಗೆ ಆರ್ಡರ್ ಕಳಿಸೋ ಆಟ ಅದು, ಮಾಲು ಬಂದು ಸೇರೋದು ತಡವಾಗಿ. ಗಿರಾಕಿ ಬೇಡಿಕೆ ವಾರಕ್ಕೆ 4 ಇದ್ದದ್ದು ಐದನೇ ವಾರ 8 ಆಗಿ ಕೊನೇತನಕ ಅಷ್ಟೇ ಇರುತ್ತೆ, ಬೇರೇನೂ ಬದಲಾಗಲ್ಲ. ಆದ್ರೂ ನಮ್ಮ ಫ್ಯಾಕ್ಟರಿ ಟೀಮಿಗೆ ಒಂದು ಹಂತದಲ್ಲಿ ನಲವತ್ತರ ಮೇಲೆ ಆರ್ಡರ್ ಬಂತು, ಆಮೇಲೆ ವಾರಗಟ್ಟಲೆ ಸೊನ್ನೆ. ಅಲ್ಲಿನ ಪ್ರೊಫೆಸರ್ ಜಾನ್ ಸ್ಟರ್ಮನ್ 1989ರಲ್ಲಿ ತೋರಿಸಿದ ಪ್ರಕಾರ ಸಾಮಾನ್ಯ ಟೀಮುಗಳ ಖರ್ಚು ಸರಿಯಾಗಿ ಆಡಿದ್ರೆ ಆಗೋದಕ್ಕಿಂತ ಸುಮಾರು ಹತ್ತು ಪಟ್ಟು, ನಮ್ಮದು ಅದಕ್ಕಿಂತ ಸ್ವಲ್ಪ ಕಮ್ಮಿ ಬಂತು. ಕ್ಯಾಶ್ ಶೀಟಿನ ಅಭ್ಯಾಸದಿಂದ ದಾರಿಯಲ್ಲಿರೋ ಮಾಲನ್ನೂ ಲೆಕ್ಕಕ್ಕೆ ಹಿಡಿಯೋಕೆ ಕಲಿತಿದ್ರು, ಅದರ ಫಲ ಅಂತ ನನ್ನ ಗಟ್ಟಿ ಅನಿಸಿಕೆ.

ಕೆಟ್ಟುಹೋದದ್ದೂ ಇದೆ. ಎರಡು ಟೀಮು ಪೂರ್ತಿ ಮುಳುಗಿದ್ವು. ಒಂದು ಫೋನ್ ಕವರ್ ತರಿಸಿದ್ದು, ಬಂದದ್ದು ಹಳೇ ಮಾಡೆಲ್‌ಗೆ, ಸಪ್ಲೈಯರ್ ವಾಪಸ್ ತಗೊಳ್ಳಲಿಲ್ಲ. ಇನ್ನೊಂದರಲ್ಲಿ ನಾಲ್ಕು ಜನ ಮಾತು ಬಿಟ್ರು, ಮಾಲು ಒಬ್ಬನ ಮನೆಯಲ್ಲಿ, ದುಡ್ಡು ಇನ್ನೊಬ್ಬಳ ಹತ್ರ. ಪಾರ್ಟ್ನರ್ಶಿಪ್ ಡೀಡ್ (ಪಾಲುದಾರರ ಒಪ್ಪಂದ ಪತ್ರ) ಯಾಕೆ ಬೇಕು ಅನ್ನೋ ಪಾಠಕ್ಕೆ ನಾನು ಬೇರೆ ಉದಾಹರಣೆ ಹುಡುಕೋ ಅವಶ್ಯಕತೆನೇ ಬರಲಿಲ್ಲ, ಆ ನಾಲ್ಕು ಜನಾನೇ ಕೂತು ಡೀಡ್ ಬರೆದ್ರು, ಚೆನ್ನಾಗಿ ಬರೆದ್ರು. ಮುಳುಗಿದ ಟೀಮಿಗೆ ಮಾರ್ಕ್ಸ್ ಕಟ್ ಮಾಡಲಿಲ್ಲ. ಲಾಭಕ್ಕೆ ಮಾರ್ಕ್ಸ್ ಇಟ್ಟ ದಿನ ಸುಳ್ಳು ಲೆಕ್ಕ ಶುರುವಾಗುತ್ತೆ, ಅಪ್ಪನ ಜೇಬಿಂದ ಸೇಲ್ಸ್ ಬರುತ್ತೆ. ಮಾರ್ಕ್ಸ್ ಇದ್ದದ್ದು ತಾಳೆ ಆದ ಶೀಟಿಗೆ ಮತ್ತು ಕೊನೇಲಿ ನಡೆದ ವೈವಾಕ್ಕೆ.

ದುಡ್ಡಿನ ವಿಷಯ ಎಲ್ಲರೂ ಕೇಳ್ತಾರೆ. ಕೊಟ್ಟ ಸಾಲದಲ್ಲಿ ನೆನಪಿನ ಪ್ರಕಾರ ನೂರಕ್ಕೆ ತೊಂಬತ್ತರ ಹತ್ತಿರ ವಾಪಸ್ ಬಂದಿದೆ. ಕಮ್ಮಿ ಬಿದ್ದದ್ದನ್ನ ಉಳಿದ ಟೀಮುಗಳ ಲಾಭದಿಂದ ತುಂಬಿಸಿದ್ವಿ, ಆ ರೂಲ್ ಮೊದಲನೇ ದಿನವೇ ಬರೆದು ಎಲ್ಲರ ಸಹಿ ಹಾಕಿಸಿದ್ದೆ. ಹಾಗಾಗಿ ನೂರಕ್ಕೆ ನೂರು ಆಫೀಸಿಗೆ ಹೋಯ್ತು, ಸಿಮ್ಯುಲೇಷನ್ ಲೈಸೆನ್ಸ್ ದುಡ್ಡು ಉಳೀತು. ಯೂನಿವರ್ಸಿಟಿ ಪರೀಕ್ಷೆ ಮಾಮೂಲಿ ಪೇಪರ್ರೇ, ಫೈನಾನ್ಸ್ ಭಾಗದ ಪ್ರಶ್ನೆನ ಮುಂಚೆ ಚಾಯ್ಸಲ್ಲಿ ಬಿಡೋರೇ ಜಾಸ್ತಿ, ಈ ಸಲ ಹೆಚ್ಚಿನವರು ಅದನ್ನೇ ಮೊದಲು ಬರೆದಿದಾರೆ.

ಟೀಮ್ ಹೇಗೆ ಮಾಡಿದೆ ಅನ್ನೋದನ್ನ ಹೇಳಲ್ಲ, ಅದರ ಮೇಲೆ ಇನ್ನೊಂದೆರಡು ಬ್ಯಾಚ್ ನೋಡ್ಬೇಕು. ವೈವಾದಲ್ಲಿ ಕೇಳೋ ಒಂದು ಪ್ರಶ್ನೆನೂ ಹೇಳಲ್ಲ, ಜೂನಿಯರ್ಸ್ ಓದ್ತಾರೆ. ಶೀಟ್ ಮಾತ್ರ ಧಾರಾಳವಾಗಿ ತಗೊಳ್ಳಿ: ಎಡಗಡೆ ಬಂದದ್ದು, ಬಲಗಡೆ ಹೋದದ್ದು, ಕೆಳಗೆ ಮೂರು ಸಾಲು, ನಮಗೆ ಬರಬೇಕಾದ್ದು, ನಾವು ಕೊಡಬೇಕಾದ್ದು, ಡಬ್ಬಿಯಲ್ಲಿ ಎಣಿಸಿದ್ದು. ಎಣಿಸಿದವರು ಬೇರೆ, ಬರೆದವರು ಬೇರೆ ಇರಬೇಕು, ಇಬ್ಬರದ್ದೂ ಸಹಿ. ಪೆನ್ನಲ್ಲೇ ಬರೆಸಿ, ತಪ್ಪಾದ್ರೆ ಗೀಟು ಹಾಕಿ ಪಕ್ಕದಲ್ಲಿ ಸರಿ ಮಾಡಲಿ.