ಲೆನ್ಸ್ ಮೊದಲು, ಕ್ಯಾಮೆರಾ ಆಮೇಲೆ

ಹೊಸ ಕ್ಯಾಮೆರಾ ಕೊಳ್ಳಬೇಕೆಂದಾಗ ನಾನು ಮೊದಲು ಮಾಡಿದ್ದು ನನ್ನ ಹಳೆಯ ಚಿತ್ರಗಳ ಪರಿಶೀಲನೆ. ಪ್ರತಿಯೊಂದು ಡಿಜಿಟಲ್ ಚಿತ್ರದ ಜೊತೆಗೂ ಅದನ್ನು ತೆಗೆದಾಗಿನ ಫೋಕಲ್ ಲೆಂಗ್ತ್ (ದೂರದ್ದನ್ನು ಲೆನ್ಸ್ ಎಷ್ಟು ಹತ್ತಿರ ತೋರಿಸುತ್ತದೆಂದು ಸೂಚಿಸುವ ಮಿ.ಮೀ. ಅಳತೆ), ಶಟರ್ ವೇಗ (ಬೆಳಕು ಒಳಬರುವ ಅವಧಿ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯ ಮಟ್ಟ) ಎಲ್ಲವೂ ದಾಖಲಾಗಿರುತ್ತವೆ. ಅವನ್ನು ನೋಡುತ್ತಾ ಹೋದಂತೆ, ನನಗೆ ಪ್ರಿಯವಾದ ಚಿತ್ರಗಳಲ್ಲಿ ಹೆಚ್ಚಿನವು ಮುಂಜಾನೆಯ ಮಂದ ಬೆಳಕಿನಲ್ಲಿ, ಜೂಮ್‌ನ ಕೊನೆಯ ತುದಿಯಲ್ಲಿ ತೆಗೆದ ಹಕ್ಕಿಗಳವೆಂಬುದು ಸ್ಪಷ್ಟವಾಯಿತು. ಪ್ರವಾಸ, ಸಮಾರಂಭಗಳ ಚಿತ್ರಗಳಿಗೆ ಮೊಬೈಲೇ ಸಾಕಾಗಿತ್ತು.

ದೂರದ ಹಕ್ಕಿಗೆ ಬ್ರಿಡ್ಜ್ ಕ್ಯಾಮೆರಾ (ದೊಡ್ಡ ಜೂಮ್ ಲೆನ್ಸ್ ಜೋಡಿಸಿಕೊಂಡೇ ಬರುವ ಕ್ಯಾಮೆರಾ) ಹಗುರವಾದ, ಲೆನ್ಸ್ ಬದಲಿಸುವ ಗೊಡವೆಯಿಲ್ಲದ ಆಯ್ಕೆ. ಒಳ್ಳೆಯ ಬಿಸಿಲಿದ್ದರೆ ನಾನು ಅದನ್ನೇ ಯಾರಿಗಾದರೂ ಸಂತೋಷದಿಂದ ಸೂಚಿಸುತ್ತೇನೆ. ಆದರೆ ಅಂಥ ಬಹಳಷ್ಟು ಕ್ಯಾಮೆರಾಗಳ ಸೆನ್ಸರ್ (ಬೆಳಕನ್ನು ಚಿತ್ರವಾಗಿ ಹಿಡಿಯುವ ಫಲಕ) ಸುಮಾರು 6.2 × 4.6 ಮಿ.ಮೀ. ಮಾತ್ರ. ಲೆನ್ಸ್ ಬದಲಿಸಬಹುದಾದ ಅನೇಕ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್ ಸುಮಾರು 23.5 × 15.6 ಮಿ.ಮೀ., ಅಂದರೆ ವಿಸ್ತೀರ್ಣದಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು. ಮಂದ ಬೆಳಕಿನಲ್ಲಿ ರೆಕ್ಕೆ ಬಡಿಯುವ ಹಕ್ಕಿಗೆ ಶಟರ್ ವೇಗವನ್ನು ಸೆಕೆಂಡಿನ 1/2000ರಷ್ಟು ಇಟ್ಟುಕೊಂಡಾಗ ಐಎಸ್‌ಒ ಏರಿಸದೆ ಗತ್ಯಂತರವಿಲ್ಲ. ಚಿಕ್ಕ ಸೆನ್ಸರಿನಲ್ಲಿ ಗರಿಗಳ ಸೂಕ್ಷ್ಮ ಗೆರೆಗಳು ಅಳಿಸಿಹೋಗುವುದು ಆಗಲೇ.

ಹಾಗಿದ್ದರೆ ಇನ್ನೂ ದೊಡ್ಡದಾದ, 36 × 24 ಮಿ.ಮೀ. ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ ಏಕೆ ಬೇಡವೆಂಬುದನ್ನು ನಾನು ಹೆಚ್ಚು ಕಾಲ ಯೋಚಿಸಿದೆ. 400 ಮಿ.ಮೀ. ಲೆನ್ಸ್ ಎಪಿಎಸ್-ಸಿಯಲ್ಲಿ ಫುಲ್‌ಫ್ರೇಮ್‌ನ 600 ಮಿ.ಮೀ. ಲೆನ್ಸಿನಷ್ಟೇ ಕಿರಿದಾದ ನೋಟವನ್ನು ಕೊಡುತ್ತದೆ. ಲೆನ್ಸಿನ ಶಕ್ತಿ ಹೆಚ್ಚುವುದಿಲ್ಲ, ಸೆನ್ಸರು ನಡುವಿನ ಭಾಗವನ್ನಷ್ಟೇ ಹಿಡಿಯುತ್ತದೆ ಎಂಬುದು ನಿಜ. ಆದರೂ 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಚಿತ್ರವನ್ನು ಅಷ್ಟೇ ಭಾಗಕ್ಕೆ ಕತ್ತರಿಸಿದರೆ 11ಕ್ಕಿಂತ ಕಡಿಮೆ ಮೆಗಾಪಿಕ್ಸೆಲ್ ಉಳಿಯುತ್ತದೆ. ಆ ಕೊರತೆಯನ್ನು ತುಂಬಲು ಇನ್ನೂ ಉದ್ದದ, ಭಾರವಾದ ಲೆನ್ಸ್ ಹೊರಬೇಕು. ಕಾಲ್ನಡಿಗೆಯಲ್ಲಿ ಹಕ್ಕಿ ಹುಡುಕುವ ನನಗೆ ಆ ಭಾರ ಒಪ್ಪಿಗೆಯಾಗಲಿಲ್ಲ.

ಡಿಎಸ್‌ಎಲ್‌ಆರ್ (ಒಳಗಿನ ಕನ್ನಡಿಯ ಮೂಲಕ ದೃಶ್ಯವನ್ನು ತೋರಿಸುವ ಕ್ಯಾಮೆರಾ) ಮತ್ತು ಆ ಕನ್ನಡಿಯಿಲ್ಲದ ಮಿರರ್‌ಲೆಸ್‌ಗಳ ನಡುವಿನ ಆಯ್ಕೆ ಬೇಗ ಮುಗಿಯಿತು. ಡಿಎಸ್‌ಎಲ್‌ಆರ್‌ನ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಆದರೆ ಹಕ್ಕಿಯ ಕಣ್ಣನ್ನೇ ಗುರುತಿಸಿ ಬೆನ್ನಟ್ಟುವ ಫೋಕಸ್ ವ್ಯವಸ್ಥೆ, ಬೆಳಕಿನ ಮಟ್ಟವನ್ನು ಕ್ಲಿಕ್ಕಿಸುವ ಮೊದಲೇ ತೋರಿಸುವ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ), ಇವೆರಡಕ್ಕಾಗಿ ನಾನು ಎಪಿಎಸ್-ಸಿ ಮಿರರ್‌ಲೆಸ್ಸನ್ನೇ ಆರಿಸಿಕೊಂಡೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಮಾತ್ರ ಕುಳಿತ ಹಕ್ಕಿಗಳಿಗೆ ಮೀಸಲಿಟ್ಟಿದ್ದೇನೆ: ಸೆನ್ಸರು ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ, ವೇಗವಾಗಿ ಬಡಿಯುವ ರೆಕ್ಕೆಗಳು ಅದರಲ್ಲಿ ಡೊಂಕಾಗಿ ಮೂಡುತ್ತವೆ. ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಶಟರನ್ನೇ ಬಳಸುತ್ತೇನೆ, ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇಟ್ಟುಕೊಂಡಿರುತ್ತೇನೆ.