ಬಿತ್ತನೆಗೆ ಮುನ್ನ ಒಂದು ದಿನ ಪಿಕಪ್ ಗಾಡಿಗೆ ಕೊಡಿ

ಯುಗಾದಿ ಕಳೆಯಿತೆಂದರೆ ನಮ್ಮ ಕಡೆ ಪಿಕಪ್‌ಗೆ ಬಿಡುವಿಲ್ಲ. ತಿಪ್ಪೆ ಗೊಬ್ಬರ ಹೊಡೆಯಬೇಕು, ಕೆರೆ ಗೋಡು (ಹೂಳು ಮಣ್ಣು) ತರಬೇಕು, ಮೆಕ್ಕೆಜೋಳದ ಬೀಜ, ಡಿಎಪಿ ಗೊಬ್ಬರ ದಾವಣಗೆರೆಯಿಂದ ಬರಬೇಕು. ಭದ್ರಾ ನಾಲೆಯ ಊರುಗಳಲ್ಲಾದರೆ ಬೇಸಿಗೆ ಭತ್ತದ ಕೊಯ್ಲೂ ಹತ್ತಿರ ಬಂದಿರುತ್ತದೆ. ಭೂಮಿಯ ಹದ ಇರುವುದು ನಾಲ್ಕು ದಿನ. ಅದೇ ದಿನಗಳಲ್ಲಿ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಆಗುವ ನಷ್ಟ ರಿಪೇರಿ ಬಿಲ್ಲಿಗಿಂತ ದೊಡ್ಡದು. ಹಾಗಾಗಿ ಭರಣಿ ಮಳೆಗೆ ಮೊದಲೇ ಒಂದು ದಿನ ಪೂರ್ತಿ ಗಾಡಿಗೆಂದೇ ಇಟ್ಟುಬಿಡಿ. ನಾನು ಕಂಡಂತೆ ನಮ್ಮ ಗಾಡಿಗಳನ್ನು ಹೆಚ್ಚು ಹಾಳು ಮಾಡುವುದು ನಾವು ರೇಡಿಯೇಟರ್‌ಗೆ ಹಾಕುವ ನೀರು, ಆಮೇಲೆ ನಾವು ಹೇರುವ ಭಾರ. ಈ ಎರಡನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಿಂದಿನ ರಾತ್ರಿಯೇ ಶುರು ಮಾಡಿ

ಗಾಡಿಯ ಅಡಿಭಾಗವನ್ನು ಚೆನ್ನಾಗಿ ತೊಳೆಯಿರಿ. ಎರೆಮಣ್ಣು ಒಣಗಿ ಹೆಪ್ಪುಗಟ್ಟಿದ್ದರೆ ಬಿರುಕು, ಸೋರಿಕೆ ಯಾವುದೂ ಕಾಣುವುದಿಲ್ಲ. ಬಾಡಿಯ ಮೂಲೆಗಳಲ್ಲಿ ಉಳಿದ ಗೊಬ್ಬರದ ಪುಡಿಯನ್ನೂ ಕೆರೆದು ತೆಗೆಯಿರಿ. ಅದು ಉಪ್ಪಿನ ಹಾಗೆ ತೇವ ಎಳೆದುಕೊಂಡು ತಗಡು ತಿನ್ನುತ್ತದೆ. ನೀರು ಇಳಿದ ಮೇಲೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಅಡಿಯಲ್ಲಿ ಹಳೇ ರಟ್ಟು ಹಾಸಿಟ್ಟು ಮನೆಗೆ ಹೋಗಿ ಮಲಗಿ.

ಬೆಳಿಗ್ಗೆ ರಟ್ಟು ಎಳೆದು ನೋಡಿ. ಕಪ್ಪು ಕಲೆ ಇದ್ದರೆ ಎಂಜಿನ್ ಆಯಿಲ್, ಹಸಿರು ಅಥವಾ ಗುಲಾಬಿ ಬಣ್ಣವಿದ್ದರೆ ಕೂಲೆಂಟ್. ಗಾಲಿಯ ಒಳಮಗ್ಗುಲಲ್ಲಿ ತೆಳ್ಳಗೆ ಜಿಡ್ಡು ಇಳಿದಿದ್ದರೆ ಬ್ರೇಕ್ ಆಯಿಲ್ ಇರಬಹುದು. ಆಗ ಗಾಡಿ ಕದಲಿಸಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ. ಎಂಜಿನ್ ತಣ್ಣಗಿರುವಾಗಲೇ ಆಯಿಲ್ ಕಡ್ಡಿ ತೆಗೆದು ಮಟ್ಟ ನೋಡಿಬಿಡಿ. ಡೀಸೆಲ್ ಗಾಡಿಯಲ್ಲಿ ಆಯಿಲ್ ಬೇಗ ಕಪ್ಪಾಗುವುದು ಸಹಜ. ಬದಲಿಸುವ ಹೊತ್ತನ್ನು ಬಣ್ಣದಿಂದ ಅಂದಾಜು ಮಾಡದೆ ಓಡಿದ ಕಿಲೋಮೀಟರ್ ಲೆಕ್ಕದಿಂದ ತೀರ್ಮಾನಿಸಿ.

ಬೋರಿನ ನೀರು ಬೇಡ

ಒಂದು ವರ್ಷ ದಾವಣಗೆರೆಯಿಂದ ಗೊಬ್ಬರ ಹೇರಿಕೊಂಡು ಭರಮಸಾಗರದ ಕಡೆ ಬರುತ್ತಿದ್ದೆ. ಆನಗೋಡು ದಾಟುತ್ತಿದ್ದಂತೆ ಟೆಂಪರೇಚರ್ ಮುಳ್ಳು ಮೇಲೇರಿತು. ರೇಡಿಯೇಟರ್ ಬಿಚ್ಚಿಸಿದಾಗ ಕೊಳವೆಗಳ ಒಳಗೆ ಬೂದುಬಿಳಿ ಪೊರೆ ಕಟ್ಟಿತ್ತು, ಬಚ್ಚಲೊಲೆಯ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಥೇಟ್ ಹಾಗೆ. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಎದ್ದಿತು. ಎರಡು ವರ್ಷ ಹೊಲದ ಬೋರಿನ ನೀರನ್ನೇ ಹಾಕಿದ್ದರ ಫಲ ಅದು. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಬಹಳ ಬೋರುಗಳ ನೀರು ಗಡಸು. ಅದರಲ್ಲಿನ ಸುಣ್ಣದಂಶ ಬಿಸಿಗೆ ಪೊರೆಯಾಗಿ ಕೂರುತ್ತದೆ, ಪೊರೆ ದಪ್ಪವಾದಷ್ಟೂ ಎಂಜಿನ್ನಿನ ಶಾಖ ಹೊರಗೆ ಹೋಗುವುದಿಲ್ಲ.

ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ, ಎಷ್ಟಕ್ಕೆಷ್ಟು ಬೆರೆಸಬೇಕೆಂದು ಡಬ್ಬಿಯ ಮೇಲೆಯೇ ಇರುತ್ತದೆ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಬೋರಿನ ನೀರು ಹಾಕಿದ್ದರೆ ಊರಿಗೆ ಬಂದ ಮೇಲೆ ಪೂರ್ತಿ ಖಾಲಿ ಮಾಡಿ ಹೊಸದು ತುಂಬಿಸಿ. ಎಂಜಿನ್ ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ, ಮುಖಕ್ಕೇ ಚಿಮ್ಮುತ್ತದೆ.

ಏರ್ ಫಿಲ್ಟರ್‌ನಲ್ಲಿ ಒಕ್ಕಣೆಯ ದೂಳು ತುಂಬಿರುತ್ತದೆ. ಅದನ್ನು ನೆಲಕ್ಕೆ ಬಡಿಯಬೇಡಿ, ಪೇಪರ್ ಹರಿಯುತ್ತದೆ. ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಬಿಡಿ. ಬೆಳಕಿಗೆ ಹಿಡಿದಾಗ ಬೆಳಕು ಹಾಯದಿದ್ದರೆ ಹೊಸದು ಹಾಕಿ. ಕ್ಯಾನಿನಲ್ಲಿ ಡೀಸೆಲ್ ತಂದು ಹಾಕುವವರು ಡೀಸೆಲ್ ಫಿಲ್ಟರ್‌ನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸುವುದನ್ನು ಮರೆಯಬಾರದು. ಬ್ಯಾಟರಿಯ ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕೂತಿದ್ದರೆ ಮೊದಲು ಮೈನಸ್ ವೈರ್ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಿಂದ ಉಜ್ಜಿ ಒರೆಸಿ. ಮರಳಿ ಜೋಡಿಸುವಾಗ ಮೈನಸ್ ಕೊನೆಗೆ.

ಪಟ್ಟಿ, ಟೈರು, ಭಾರ

ಈಗ ಟಾರ್ಚ್ ಹಿಡಿದು ಗಾಡಿಯಡಿ ಮಲಗಿ. ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಒಂದೊಂದಾಗಿ ನೋಡಿ. ಪಟ್ಟಿಗೆ ಅಡ್ಡಲಾಗಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಇದ್ದರೆ ಅದು ಬಿರುಕು ಎಂದೇ ತಿಳಿಯಿರಿ. ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಬಿಗಿ ಇದೆಯೇ, ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್ ಜರುಗಿದೆಯೇ ನೋಡಿ. ಶ್ಯಾಕಲ್ (ಪಟ್ಟಿಯ ತುದಿಯ ಕೊಂಡಿ), ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಕೀಲು), ಗ್ರೀಸ್ ತುಂಬುವ ನಿಪ್ಪಲ್ ಇರುವ ಕಡೆಯೆಲ್ಲ ಹಳೇ ಗ್ರೀಸ್ ಹೊರಬರುವ ತನಕ ಹೊಸ ಗ್ರೀಸ್ ಹೊಡೆಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಮೇಲಿನ ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ಪಕ್ಕದಲ್ಲಿ ಸಣ್ಣ ಸೀಳುಗಳೆದ್ದ ಹಳೇ ಟೈರು ಏಪ್ರಿಲ್ ಬಿಸಿಲಲ್ಲಿ ಭಾರ ಹೊತ್ತರೆ ಒಡೆಯುತ್ತದೆ. ಗಾಳಿ ತುಂಬಿಸುವಾಗ ಸ್ಟೆಪ್ನಿಯನ್ನೂ ಇಳಿಸಿ ತುಂಬಿಸಿ.

ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತಾರೆ, ಖಾಲಿ ಗಾಡಿಯದು ಮತ್ತು ಒಟ್ಟು ತೂಕ. ಎರಡರ ವ್ಯತ್ಯಾಸವೇ ನೀವು ಹೇರಬಹುದಾದದ್ದು. ಅದು 1,300 ಕೆ.ಜಿ. ಎಂದಿಟ್ಟುಕೊಳ್ಳಿ. ಡಿಎಪಿ ಚೀಲ 50 ಕೆ.ಜಿ., ಹಾಗಾಗಿ 26 ಚೀಲ. ಯೂರಿಯಾ ಚೀಲ 45 ಕೆ.ಜಿ., 28 ಚೀಲ. ಚೀಲವಾದರೆ ಎಣಿಸಬಹುದು, ಮೋಸ ಹೋಗುವುದು ಕೆರೆ ಗೋಡಿನಲ್ಲಿ. 8 ಅಡಿ ಉದ್ದ, ಐದೂವರೆ ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಬಾಡಿಯಲ್ಲಿ 55 ಘನ ಅಡಿ ಮಣ್ಣು ಹಿಡಿಯುತ್ತದೆ. ಹಸಿ ಗೋಡಾದರೆ ಅದು ಎರಡು ಟನ್ನಿಗೂ ಹೆಚ್ಚು! ಒಣ ತಿಪ್ಪೆ ಗೊಬ್ಬರವನ್ನು ಅಂಚಿನ ತನಕ ತುಂಬಿದ ರೂಢಿಯಲ್ಲೇ ಗೋಡನ್ನೂ ತುಂಬುತ್ತೇವೆ, ಪಟ್ಟಿ ಮುರಿಯುತ್ತದೆ. ಹಸಿ ಗೋಡು ಅರ್ಧ ಬಾಡಿಯಷ್ಟು ಸಾಕು, ಇನ್ನೊಂದು ಟ್ರಿಪ್ ಹೊಡೆದರಾಯಿತು.

ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮತ್ತು ಇನ್ಶೂರೆನ್ಸ್ ತಾರೀಖು ಇವತ್ತೇ ನೋಡಿಬಿಡಿ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳನ್ನು ದಯವಿಟ್ಟು ಹಿಂದಿನ ಬಾಡಿಯಲ್ಲಿ ನಿಲ್ಲಿಸಿಕೊಂಡು ಹೋಗಬೇಡಿ. ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ, ಒಂದು ಜೋರು ಬ್ರೇಕಿಗೆ ಜೀವ ಹೋಗುತ್ತದೆ. ಆಟೋ ಬಾಡಿಗೆ ನೀವೇ ಕೊಡಿ.

ಕೊನೆಗೆ ಅರ್ಧ ಭಾರ ಹೇರಿ ಹತ್ತು ಕಿಲೋಮೀಟರ್ ಓಡಿಸಿಕೊಂಡು ಬನ್ನಿ. ಗಾಡಿ ನಿಲ್ಲಿಸಿ ಇಳಿದು ನಾಲ್ಕೂ ಗಾಲಿಗಳ ನಡುಭಾಗದ ಹತ್ತಿರ, ಮುಟ್ಟದೆ, ಅಂಗೈಯ ಹಿಂಭಾಗ ಹಿಡಿಯಿರಿ. ಜೊತೆಯ ಗಾಲಿಗಿಂತ ಒಂದು ಮಾತ್ರ ಹೆಚ್ಚು ಕಾವು ಕೊಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಮರುದಿನದ ಗೊಬ್ಬರದ ಟ್ರಿಪ್ ಮುಂದೂಡಿ, ಮೊದಲು ಆ ಗಾಲಿ ಬಿಚ್ಚಿಸಿ.